ಬೀಗ ಹಾಕಿದ ಮನೆಗಳು

ನಮ್ಮ ಸುತ್ತಲಿನ ಹಳ್ಳಿಗಳಲ್ಲಿ ಬೀಪಿ ಇದ್ದೂ ಅದು ಗೊತ್ತಿಲ್ಲದವರು ಎಷ್ಟು ಮಂದಿ ಎಂಬುದು ನಾವು ಕೈಗೆತ್ತಿಕೊಂಡಿದ್ದ ಅಧ್ಯಯನದ ಪ್ರಶ್ನೆ. ಅದರ ಲೆಕ್ಕಾಚಾರ ನನ್ನದು. ಚೀಟಿ ಎತ್ತಿದ ಹಾಗೆ ಮನೆಗಳನ್ನು ಆರಿಸಿದ್ದೆವು. ಬೀಗ ಹಾಕಿದ್ದರೆ ಮೂರು ಸಲ ಹೋಗಬೇಕು, ಆಗಲೂ ಯಾರೂ ಸಿಗದಿದ್ದರೆ 'ಬೀಗ' ಎಂದು ಬರೆಯಬೇಕು, ಅದರ ಬದಲು ಪಕ್ಕದ ಮನೆಗೆ ಮಾತ್ರ ಹೋಗಕೂಡದು. ಹಾಸನದ ಕಚೇರಿಯಲ್ಲಿ ಫ್ಯಾನಿನ ಕೆಳಗೆ ಕೂತು ಈ ನಿಯಮ ಬರೆದವಳೂ ನಾನೇ.

ಅರಕಲಗೂಡಿನಿಂದಲೂ ಹೊಳೆನರಸೀಪುರದಿಂದಲೂ ಬಂದ ಫಾರಂಗಳಲ್ಲಿ ಬೀಗದ ಮನೆಗಳು ಬೇಕಾದಷ್ಟಿದ್ದವು. ಶಾಂತಿಗ್ರಾಮದ ಕಡೆಯ ಕಟ್ಟಿನಲ್ಲಿ ಒಂದೂ ಇರಲಿಲ್ಲ. ಅಲ್ಲಿ ತಿರುಗುತ್ತಿದ್ದವರು ನಿವೃತ್ತ ನರ್ಸ್ ಒಬ್ಬರು. ನನಗಿಂತ ಹಿರಿಯರು, ನಾನು ಅಕ್ಕ ಎನ್ನುತ್ತಿದ್ದೆ. ಅವರ ಕೈಬರಹದಷ್ಟೇ ಚೊಕ್ಕವಾಗಿದ್ದ ಆ ಕಟ್ಟು ನನಗೆ ಸರಿಯೆನಿಸಲಿಲ್ಲ.

ಒಂದು ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ, ಪಟ್ಟಿಯಲ್ಲಿದ್ದ ಒಂದು ಮನೆಯ ಮುಂದೆ ನಿಂತೆ. ನಲವತ್ತರ ಆಸುಪಾಸಿನ ಹೆಂಗಸೊಬ್ಬಳು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದಳು. ಆ ಮನೆಯ ಫಾರಂನಲ್ಲಿ ಎಪ್ಪತ್ತು ದಾಟಿದ ಮುದುಕಿಯ ವಯಸ್ಸಿತ್ತು. ಅಜ್ಜಿ ಎಲ್ಲಿ ಎಂದು ಕೇಳಿದೆ.

"ಮುದುಕ್ರು ಯಾರೂ ಇಲ್ಲ ಕಣವ್ವ ಈ ಮನೇಲಿ. ಪಕ್ಕದ್ಮನೆ ಅಜ್ಜಿ ಇರ್ಬೈದು. ನಾವು ಶುಂಠಿ ಕೀಳಕ್ಕೆ ಓದ್ರೆ ಬರೋದು ಒತ್ತು ಮುಳುಗಿದ್ ಮ್ಯಾಲೆ."

"ನಿಮಗೆ ಬೀಪಿ ನೋಡಿದಾರಾ?"

"ನಂಗೇನಾಗೈತೆ? ಗಟ್ಟಿಮುಟ್ಟಾಗಿವ್ನಿ."

ಕೂಲಿಯವರನ್ನು ಕರೆದೊಯ್ಯುವ ಟೆಂಪೋ ಹಾರನ್ ಹೊಡೆಯಿತು. ಆಕೆ ಓಡಿದಳು.

ಮಧ್ಯಾಹ್ನ ಅಕ್ಕನ ಎದುರು ಫಾರಂ ಇಟ್ಟೆ. ಅವರು ಸುಳ್ಳು ಹೇಳಲಿಲ್ಲ.

"ಮೂರು ಸಲ ಹೋದೆ ಮೇಡಂ, ಮೂರು ಸಲಾನೂ ಬೀಗ. ಬಿಸ್ಲಲ್ಲಿ ನಿಂತಿದ್ದೋಳಿಗೆ ಪಕ್ಕದ್ಮನೆ ಅಜ್ಜಿ ಮಜ್ಜಿಗೆ ಕೊಟ್ಟು, ನಂಗೂ ನೋಡವ್ವ ಅಂತು. ನೋಡ್ದೆ. ನಿಮಗೂ ಒಂದು ಮನೆ ಲೆಕ್ಕ ಬೇಕಿತ್ತಲ್ಲ?"

ಹಗಲು ಮನೆಯಲ್ಲಿ ಸಿಗುವವರು ವಯಸ್ಸಾದವರು, ಅವರಲ್ಲಿ ಬಹಳ ಮಂದಿ ಆಗಲೇ ಬೀಪಿ ಮಾತ್ರೆ ನುಂಗುತ್ತಿರುವವರು. ಅವರನ್ನೇ ಬರೆದುಕೊಂಡು ಹೋದರೆ ಕಾಯಿಲೆ ಗೊತ್ತಿಲ್ಲದವರು ಊರಲ್ಲಿ ಇಲ್ಲವೇ ಇಲ್ಲ ಅನ್ನಿಸುತ್ತದೆ ಎಂದೆ. "ಹಂಗಾದ್ರೆ ನನ್ನ ಕೆಲ್ಸದಿಂದ ಬಿಟ್ಬುಡಿ" ಅಂದರು ಅಕ್ಕ. ನಾನು ಬಿಡಲಿಲ್ಲ. ಮೂರು ಸಲ ಎಂದು ಬರೆದಿದ್ದ ನಾನು ಯಾವ ಹೊತ್ತಿಗೆ ಎಂದು ಬರೆದಿರಲಿಲ್ಲ. ಕೂಲಿಗೆ ಹೋಗುವವರ ಮನೆಗೆ ಹನ್ನೊಂದು ಗಂಟೆಗೆ ಮೂರು ಸಲವಲ್ಲ, ಮೂವತ್ತು ಸಲ ಹೋದರೂ ಬೀಗವೇ. ಬೇರೆ ಊರುಗಳ ಫಾರಂಗಳಲ್ಲಿ ಪ್ರಾಮಾಣಿಕವಾಗಿ ಬರೆದಿದ್ದ ಬೀಗಗಳೂ ಅದೇ ಜನರವು.

ಅಧ್ಯಯನದ ಹೊಣೆ ಹೊತ್ತಿದ್ದ ವೈದ್ಯರಿಗೆ ಎಲ್ಲವನ್ನೂ ತಿಳಿಸಿದೆ. ವರದಿ ತಡವಾಗುತ್ತದೆಂದು ಅವರು ರೇಗಿದರು, ಆಮೇಲೆ ಒಪ್ಪಿದರು. ಅನುಮಾನದ ಫಾರಂಗಳನ್ನು ತೆಗೆದುಹಾಕಿದೆವು. ಬೀಗದ ಮನೆಗಳಿಗೆಲ್ಲ ಬೆಳಿಗ್ಗೆ ಟೆಂಪೋ ಬರುವ ಮೊದಲು ಹೋಗಬೇಕೆಂದು ನಿಯಮ ತಿದ್ದಿದೆ. ಶಾಂತಿಗ್ರಾಮದ ಕಡೆಗೆ ಅಕ್ಕನ ಜೊತೆ ನಾನೂ ಹೋದೆ.

ಶುಂಠಿ ಕೀಳಲು ಹೋಗುವ ಆ ಹೆಂಗಸಿನ ತೋಳಿಗೆ ಬೀಪಿ ನೋಡುವ ಪಟ್ಟಿ ಕಟ್ಟಿದವರು ಅಕ್ಕನೇ. ಮೊದಲ ಸಲ ಜಾಸ್ತಿ ಬಂತು. ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿದರು, ಇಳಿಯಲಿಲ್ಲ. ಮೂರನೆಯದೂ ಹಾಗೇ. ಅಕ್ಕ ನನ್ನ ಮುಖ ನೋಡಲಿಲ್ಲ. ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

"ಆಸ್ಪತ್ರೆ ಬಾಗ್ಲು ತೆಗ್ಯೋ ಒತ್ಗೆ ನಾನು ಒಲ್ದಾಗಿರ್ತೀನಿ. ಎಂಗ್ ಓಗ್ಲವ್ವ?" ಅಂದಳು ಆಕೆ.

ನಮ್ಮ ಕೆಲಸ ಅಳೆಯುವುದು, ಚೀಟಿ ಕೊಡುವುದು, ಅಲ್ಲಿಗೆ ಮುಗಿಯುತ್ತದೆ. ಅಕ್ಕ ಮಾತ್ರ ಅಲ್ಲಿಗೆ ಬಿಡಲಿಲ್ಲ. ಒಂದು ದಿನ ಕೂಲಿ ಬಿಡಿಸಿ ತಾವೇ ಜೊತೆಗೆ ಹೋಗಿ ಡಾಕ್ಟರಿಗೆ ತೋರಿಸಿದರು. ಆಮೇಲೆ ಊರಿನ ಆಶಾ ಕಾರ್ಯಕರ್ತೆ ಮಾತ್ರೆಯನ್ನು ಸಂಜೆ ಮನೆಗೆ ಮುಟ್ಟಿಸುವ ಹಾಗೆ ಮಾಡಿಸಿದರು. ನಾನು ಹೇಳಿದ್ದಲ್ಲ, ಫಾರಂನಲ್ಲಿ ಅದಕ್ಕೆ ಜಾಗವೂ ಇರಲಿಲ್ಲ.

ಬೆಳಗಿನ ಫಾರಂಗಳು ಸೇರಿದ ಮೇಲೆ ಬೀಪಿ ಇದ್ದೂ ಗೊತ್ತಿಲ್ಲದವರ ಪಾಲು ಮೊದಲಿಗಿಂತ ಎದ್ದು ಕಾಣುವಷ್ಟು ಹೆಚ್ಚಿತು. ತೆಗೆದುಹಾಕಿದ ಫಾರಂಗಳ ವಿಷಯವನ್ನೂ ನಿಯಮದಲ್ಲಿ ನಾನು ಮಾಡಿದ ತಪ್ಪನ್ನೂ ವರದಿಯ ಒಂದು ಪ್ಯಾರಾದಲ್ಲಿ ಬರೆದೆ. ವೈದ್ಯರು ಅದನ್ನು ಚಿಕ್ಕದು ಮಾಡೆಂದರು. ಎರಡು ವಾಕ್ಯ ಕಡಿಮೆ ಮಾಡಿ, ಉಳಿದದ್ದನ್ನು ಹಾಗೇ ಬಿಟ್ಟೆ.