ರೊಟ್ಟಿ ಬಡಿದ ಟೀಚರು

ಮಾಹೀರಾ ಟೀಚರ ಸುದ್ದಿ ಶಿವಬಸವ್ವನ ಕಿವಿಗೆ ಮೊದಲು ಬಿದ್ದದ್ದು ಶಾಲೆಯ ಅಡುಗೆ ಕೋಣೆಯಲ್ಲಿ, ಬಿಸಿಯೂಟದ ಅಕ್ಕಿ ಆರಿಸುವಾಗ. ಶಾಲಾ ಸಮಿತಿಯ ಅಧ್ಯಕ್ಷ ಲಕ್ಕಪ್ಪ ಬಾಗಿಲಿಗೆ ಆತು ನಿಂತು, “ಸವಣೂರಿಂದ ಸಾಬರ ಹೆಣ್ಮಗಳು ಬರಾಕತ್ತಾಳ ನೋಡಬೇ. ಕನ್ನಡ ಕಲಸ್ತಾಳೋ, ತಮ್ಮೂರ ವೀಳ್ಯದೆಲಿ ಮಾರೂದು ಕಲಸ್ತಾಳೋ!” ಅಂದ. ಶಿವಬಸವ್ವನೂ ನಕ್ಕಳು. ಆ ನಗೆ ನೆನಪಾದರೆ ಈಗಲೂ ಅವಳಿಗೆ ತನ್ನ ಮೇಲೇ ಸಿಟ್ಟು.

ಅಡುಗೆ ಕೋಣೆಗೆ ಐದನೇ ತರಗತಿ ಅಂಟಿಕೊಂಡೇ ಇತ್ತು. ಒಂದು ದಿನ ಟೀಚರು ಹಲಗೆಯ ಮೇಲೆ ಗೆರೆ ಎಳೆದು ಈ ಕಡೆ ‘ನೋಡಿದ್ದು’, ಆ ಕಡೆ ‘ಕೇಳಿದ್ದು’ ಎಂದು ಬರೆದು, ಒಬ್ಬರ ಬಗ್ಗೆ ಒಬ್ಬರು ಏನು ತಿಳಿದಿದ್ದೀರಿ ಎಂದು ಕೇಳಿದರು.

ಲಕ್ಕಪ್ಪನ ಮೊಮ್ಮಗಳು ತನುಜಾ ಎದ್ದಳು. “ಸಾಬರಿಗೆ ಜ್ವಾಳದ ರೊಟ್ಟಿ ಬಡಿಯಾಕ ಬರಂಗಿಲ್ಲರಿ.”

“ನೋಡಿದ್ದೋ, ಕೇಳಿದ್ದೋ?”

“ಕೇಳಿದ್ದರಿ. ಶಿವಬಸವ್ವಜ್ಜಿ ಹೇಳ್ಯಾಳ.”

ಶಿವಬಸವ್ವನ ಕೈಯಲ್ಲಿನ ಸೌಟು ಅಲ್ಲೇ ನಿಂತಿತು. ಟೀಚರು ದನಿ ಏರಿಸಲಿಲ್ಲ. “ಅಜ್ಜಿಗೂ ಯಾರೋ ಹೇಳಿರ್ತಾರ” ಎಂದು ‘ಕೇಳಿದ್ದು’ ಕೆಳಗೆ ಬರೆದರು. ಇದನ್ನು ಕೇಳಿ ಹುರುಪೆದ್ದ ವಸೀಮ, “ಕಾಯಿಪಲ್ಲೆ ತಿನ್ನೋರಿಗೆ ಕಸುವ ಇರಂಗಿಲ್ಲರಿ” ಅಂದ.

“ಹಂಗಾರ ಮೊನ್ನೆ ಕಬಡ್ಡ್ಯಾಗ ನಿನ್ನ ಕೆಡವಿದ್ದು ಯಾರಪಾ?”

“ತನುಜಾ!” ಎಂದು ಇಡೀ ತರಗತಿ ಕೂಗಿ ನಕ್ಕಿತು. ವಸೀಮನ ಮಾತೂ ಅದೇ ಸಾಲಿಗೆ ಸೇರಿತು.

ತನುಜಾ ಮಾತ್ರ ಇನ್ನೂ ಕೂತಿರಲಿಲ್ಲ. “ಮತ್ತ ರೊಟ್ಟಿದು ನೋಡೂದು ಹೆಂಗ್ರಿ?”

ಮರುದಿನ ಟೀಚರು ಶಿವಬಸವ್ವನನ್ನು ಕೇಳಿಯೇ ಅಡುಗೆ ಕೋಣೆಗೆ ಬಂದರು. ಶಿವಬಸವ್ವ ತನ್ನ ಮನೆಯ ಹಿಟ್ಟು ತಂದಿದ್ದಳು. ಮಕ್ಕಳೆಲ್ಲ ಸುತ್ತ ನಿಂತಿರಲು ಟೀಚರು ಬಡಿದ ರೊಟ್ಟಿ ಶಿವಬಸವ್ವನ ರೊಟ್ಟಿಗಿಂತ ತೆಳ್ಳಗಿತ್ತು. ತನುಜಾ ಒಂದು ಚೂರು ತಿಂದು ಮನೆಯಲ್ಲಿ ಸಂಭ್ರಮದಿಂದ ಹೇಳಿದಳು.

ಅದನ್ನು ಕೇಳಿ ಕೆರಳಿದ ಲಕ್ಕಪ್ಪ ಮೇಲಿನವರಿಗೆ ಅರ್ಜಿ ಬರೆಸಿದ. ಟೀಚರು ಪಾಠ ಬಿಟ್ಟು ಜಾತಿ ಎಣಿಸುತ್ತಾಳೆ, ಮಕ್ಕಳಿಗೆ ಏನೇನೋ ತಿನ್ನಿಸುತ್ತಾಳೆ ಅಂತ. ಹೆಬ್ಬೆಟ್ಟು ಒತ್ತಲು ಹೇಳಿದಾಗ ಶಿವಬಸವ್ವ ಅಂಗಳದಲ್ಲೇ ಉರಿದುಬಿದ್ದಳು.

“ಸುಳ್ಳು ಹೇಳಿದಾಕಿ ನಾನು, ಹಿಟ್ಟು ನಂದು. ನನ್ನ ಹೆಸರು ಬರಸಲೇ ಲಕ್ಕ್ಯಾ!”

“ನಿನ್ನ ಅಡಗಿ ಕೆಲಸಾ ಹೋಗತೈತಿ ನೋಡು ಮುದುಕಿ.”

“ಹೋಗಲಿ. ನಿನ್ನ ಮನಿ ಒಲಿ ಹಚ್ಚಾಕೇನು ಬರಂಗಿಲ್ಲ ನಾ!”

ಮುದುಕಿಯ ಮಾತು ಯಾರು ಕೇಳುತ್ತಾರೆ? ಎಂಟು ದಿನದಲ್ಲಿ ಟೀಚರನ್ನು ಹಿರೇಕೆರೂರಿನ ಕಡೆಗೆ ವರ್ಗ ಮಾಡಿದರು. ನಡೆದದ್ದೇನು ಎಂದು ಮಕ್ಕಳನ್ನು ಒಬ್ಬ ಅಧಿಕಾರಿಯೂ ಬಂದು ಕೇಳಲಿಲ್ಲ. ಆಮೇಲೆ ತರಗತಿಯಲ್ಲಿ ತನುಜಾಳ ಪಕ್ಕ ಯಾರೂ ಕೂಡಲೊಲ್ಲರು. “ನಿನ್ನಿಂದನ ಟೀಚರ್ ಹೋದ್ರು” ಎಂದು ಅಣಕಿಸಿದರು. ಹುಡುಗಿ ಬಾಯಿ ಬಿಡುವುದನ್ನೇ ಬಿಟ್ಟಳು.

ಸಾಮಾನು ಒಯ್ಯಲು ಬಂದ ಟೀಚರು ಅದನ್ನು ಕಂಡರು. ಶಿವಬಸವ್ವ ಲಕ್ಕಪ್ಪನ ವಂಶವನ್ನೆಲ್ಲ ಬೈಯುತ್ತಲೇ ಅವರ ಚೀಲ ಹೊತ್ತು ಬಸ್ಸಿನವರೆಗೆ ಬಂದಳು. ಟೀಚರು ಅವಳ ಕೈ ಹಿಡಿದುಕೊಂಡರು.

“ಅವ್ವಾರ, ಆ ಹುಡುಗಿಗೆ ಯಾರೂ ಬೈಯದಂಗ ನೋಡ್ಕೋರಿ. ಆಕಿ ಪ್ರಶ್ನೆ ಕೇಳೂದು ನಿಲ್ಲಸಬಾರ್ದು.”