ಬೆರಳ ಸಂದಿಯ ನೀಲಿ ಗೆರೆ

ಹೆಗ್ಗನಹಳ್ಳಿಯ ಆ ಶೀಟಿನ ಮನೆಯಲ್ಲಿ ನಮ್ಮಿಬ್ಬರಿಗೂ ಸೇರಿ ಇದ್ದದ್ದು ಒಂದೇ ಹಾಸಿಗೆ. ರಾಜಾಜಿನಗರದ ಕಾರ್ಖಾನೆಯಲ್ಲಿ ನನಗೆ ರಾತ್ರಿ ಪಾಳಿ, ಗೆಳೆಯನಿಗೆ ಹಗಲು ಪಾಳಿ. ಅವನು ಎದ್ದುಹೋದ ಬಿಸಿಯಲ್ಲೇ ನಾನು ಬಂದು ಬೀಳುತ್ತಿದ್ದೆ. ಎಂಬತ್ತರ ದಶಕದಲ್ಲಿ ಪಾಳಿ ಕೆಲಸದ ಹುಡುಗರು ಬಹಳ ಜನ ಹೀಗೇ ಇದ್ದರು. ಆ ಹಾಸಿಗೆ ಬಿಸಿಲು ಕಂಡದ್ದೇ ಇಲ್ಲ. ಬೆವರು, ಮಿಷಿನ್ ಎಣ್ಣೆ, ತಲೆಯ ಕೊಬ್ಬರಿಎಣ್ಣೆ ಎಲ್ಲ ಕುಡಿದು ಹೊದಿಕೆ ಎಮ್ಮೆ ಚರ್ಮದಂತಾಗಿತ್ತು. ಥೂ, ನೆನೆಸಿಕೊಂಡರೆ ಈಗಲೂ ಅನ್ನ ಸೇರುವುದಿಲ್ಲ.

ನನಗೆ ಬೆರಳ ಸಂದಿಯಲ್ಲಿ ನವೆ ಶುರುವಾಗಿ ಮೂರು ತಿಂಗಳಾಗಿತ್ತು. ಊರಿನಿಂದ ಹತ್ತಿಸಿಕೊಂಡು ಬಂದಿದ್ದೆ. ಪೌಡರ್ ಬಳಿದುಕೊಂಡು, ತುಂಬುತೋಳಿನ ಅಂಗಿ ತೊಟ್ಟು ಮುಚ್ಚಿಟ್ಟೆ. ಕೊನೆಗೆ ಅವನಿಗೂ ಹತ್ತಿತು. ಅವನಿಗೆ ಮುಚ್ಚಿಡುವುದು ಗೊತ್ತಿರಲಿಲ್ಲ. ನಲ್ಲಿಯ ಹತ್ತಿರ ನಿಂತು ಎಲ್ಲರೆದುರೇ ಪರಪರ ಕೆರೆದುಕೊಂಡ. ಓನರ್ ಆಂಟಿ ನೋಡಿಬಿಟ್ಟರು.

"ಕಜ್ಜಿ ಹಿಡಿದೋರು ನಮ್ಮ ವಠಾರದಲ್ಲಿ ಬೇಡಪ್ಪ. ಕಜ್ಜಿ ಅಂತಾದ್ರೆ ಇವತ್ತೇ ಖಾಲಿ ಮಾಡು," ಅಂದರು.

"ಬೆವರುಸಾಲೆ ಆಂಟಿ ಇದು. ಡಾಕ್ಟರ್ ಹತ್ರ ಬರೆಸ್ಕೊಂಡೇ ಬರ್ತೀನಿ," ಅಂದವನು ನನ್ನನ್ನೂ ಎಳೆದ. "ಬಾ ಮಗಾ. ಒಂದೇ ಹಾಸಿಗೇಲಿ ಮಲಗೋ ನಿಂಗೆ ಏನೂ ಆಗಿಲ್ಲ ಅಂದ್ಮೇಲೆ ನಂದು ಹೆಂಗೆ ಕಜ್ಜಿ ಆಗುತ್ತೆ?"

ಸುಂಕದಕಟ್ಟೆಯ ಡಾಕ್ಟರು ನಮ್ಮಿಬ್ಬರ ಬೆರಳ ಸಂದಿಗೂ ಪೆನ್ನಿನ ಇಂಕು ಹಚ್ಚಿ, ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಅವನ ಕೈಯಲ್ಲಿ ಒಂದೆರಡು ನೀಲಿ ಗೆರೆ ಉಳಿದವು. ನನ್ನ ಕೈ ತುಂಬ ಅಂಕುಡೊಂಕು ಗೆರೆಗಳು.

"ಹುಳ ಬಿಲ ಕೊರೆದಿದೆ. ಬಿಲದಲ್ಲಿ ಇಂಕು ನಿಂತಿದೆ, ನೋಡಿ."

ನನ್ನ ಒಂದು ಗೆರೆಯನ್ನು ಬ್ಲೇಡಿನಿಂದ ಕೆರೆದು, ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ತೋರಿಸಿದರು. ಗುಂಡನೆಯ, ಬಿಳಿಚಿಕೊಂಡ ಹುಳ, ಮೊಂಡುಗಾಲು ಆಡಿಸುತ್ತಿತ್ತು. ಪಕ್ಕದಲ್ಲೇ ಅದರ ಮೊಟ್ಟೆ, ಅದರ ಹೇಲು. ನನ್ನ ಚರ್ಮದೊಳಗೇ ಸಂಸಾರ ಹೂಡಿತ್ತು! ತಟ್ಟನೆ ಕಣ್ಣು ಕಿತ್ತುಕೊಂಡು ಹಿಂದೆ ಸರಿದೆ.

"ಯಾರಿಗೆ ಮೊದ್ಲು ಬಂದಿದ್ದು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಜೇಬಿಗೆ ಹೋಯಿತು.

"ನಂಗೇ ಇರ್ಬೇಕು ಸಾರ್," ಅಂದ ಗೆಳೆಯ. "ಪಾಪ, ನನ್ನಿಂದ ಇವನಿಗೂ ಬಂತು."

"ಇಲ್ಲಪ್ಪ. ಇವನದ್ದು ತಿಂಗಳುಗಟ್ಟಲೆ ಹಳೇದು."

ಅವನು ನನ್ನತ್ತ ತಿರುಗಿದ. "ಗೊತ್ತಿತ್ತೇನೋ ನಿಂಗೆ?"

ಹೌದೆಂದು ತಲೆಯಾಡಿಸಿದೆ.

ಔಷಧಿಯನ್ನು ಕತ್ತಿನಿಂದ ಪಾದದವರೆಗೂ ಹಚ್ಚಬೇಕಿತ್ತು. ರೂಮಿಗೆ ಬಂದು ಅಂಗಿ ಬಿಚ್ಚಿದೆ, ಬೆನ್ನಿಗೆ ಕೈ ಎಟುಕಲಿಲ್ಲ. ಅವನು ಬಾಟಲಿ ಕಿತ್ತುಕೊಂಡು ನನ್ನ ಹುಳುಕು ಬೆನ್ನಿಗೆಲ್ಲ ಹಚ್ಚಿದ. ಕೈ ತೊಳೆದುಕೊಂಡು, ಟ್ರಂಕು ಎತ್ತಿಕೊಂಡು ಹೊರಟ. ತನ್ನದು ಕಜ್ಜಿಯೇ ಎಂದು ಹೊರಗೆ ಆಂಟಿಗೆ ಹೇಳಿದ್ದು ಕೇಳಿಸಿತು. ನನ್ನ ವಿಷಯ ಹೇಳಲೇ ಇಲ್ಲ.

ಅಂಗಿ ತೊಟ್ಟು ಬಾಗಿಲಿಗೆ ಬಂದೆ. ಆಂಟಿ ಅಲ್ಲೇ ನಿಂತಿದ್ದರು. "ಸದ್ಯ, ನಿಂಗೆ ಹತ್ತಲಿಲ್ವಲ್ಲಪ್ಪ. ಪುಣ್ಯ ಮಾಡಿದ್ದೆ."

ಥೂ, ನನ್ನ ಜನ್ಮಕ್ಕೆ. "ಹೂಂ ಆಂಟಿ," ಅಂದೆ.