ಬಿಳಿಚೋಡಿನಲ್ಲಿ ಹಾಸಿದ ಕಂಬಳಿ

ಜಗಳೂರಿಗೆ ಹೊರಟ ನಮ್ಮ ಬಸ್ಸು ಬಿಳಿಚೋಡಿನಲ್ಲಿ ಚಹಾಕ್ಕೆ ನಿಂತಿತು. ನನ್ನ ಜೊತೆಗಿದ್ದ ಮುತ್ತಮ್ಮ ದೂರದ ಕಾಡಿನ ಹಾಡಿಯವರು. ಜಗಳೂರಿನ ಸಭೆಯಲ್ಲಿ ತಮ್ಮ ಜನರ ಪಾಡು ಹೇಳಲು ಬಂದವರು.

ಹೋಟೆಲಿನ ಪಕ್ಕ ಕುರಿ ಮೇಯಿಸುತ್ತಿದ್ದ ಅಜ್ಜಿಯೊಬ್ಬರು ನಮ್ಮನ್ನು ವಿಚಾರಿಸಿ, ಹೆಗಲ ಕಂಬಳಿಯನ್ನು ಬೇವಿನ ನೆರಳಿಗೆ ಹಾಸಿದರು. ಮುತ್ತಮ್ಮ ಅಂಚಿನಲ್ಲಿ ಮುದುಡಿ ಕುಳಿತರು.

“ನಡುವೆ ಕುಂದರ್ರಿ ತಾಯಿ. ನಮ್ಮಲ್ಲಿ ಕಂಬಳಿ ಮ್ಯಾಲೆ ಕುಂತೋರ ಮಾತು ಮುಗಿಯೋಗಂಟ ಯಾರೂ ಬಾಯಿ ಹಾಕಂಗಿಲ್ಲ,” ಎಂದರು ಅಜ್ಜಿ.

ಚಹಾ ಕುಡಿಯುತ್ತಿದ್ದವರೂ ಬಂದು ಸುತ್ತ ನೆರೆದರು. ಮುತ್ತಮ್ಮ ಮೆಲ್ಲಗೆ ಶುರುಮಾಡಿದರು. “ಕಾಡಿಂದ ಎಬ್ಬಿಸೋಕೆ ಬಂದೋರು ಗುಡಿಸಲು ಕಿತ್ರು. ಅಡ್ಡ ನಿಂತ ನನ್ನ ಗಂಡನ ಕೈ ಮುರಿದ್ರು. ನಮ್ಮ ಹಾಡಿ ವಿಚಾರ ನಾವೇ ತೀರ್ಮಾನ ಮಾಡ್ಬೇಕು, ಕೇಳ್ತಿರೋದು ಅಷ್ಟೇ.”

ಕೈಗೆ ಮೈಕು ಕೊಟ್ಟು, ಬಾಯಿ ತೆರೆಯುವಷ್ಟರಲ್ಲಿ ‘ಬೇಗ ಮುಗಿಸಿ’ ಎಂದು ಚೀಟಿ ಕಳಿಸುವ ಸಭೆಗಳನ್ನು ಕಂಡು ರೋಸಿಹೋಗಿದ್ದ ನನಗೆ, ಅಲ್ಲಿ ನೆರೆದವರ ಮೌನ ದೊಡ್ಡ ಉಪಕಾರದಂತೆ ಕಂಡಿತು.

ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿ ಮುತ್ತಮ್ಮ ಗಾಬರಿಯಿಂದ ಏಳಹೋದರು. ಕರೆಯಲು ಬಂದ ಡ್ರೈವರ್ ಕಂಬಳಿ ನೋಡಿ ನಿಂತ.

“ಮಾತು ಇನ್ನೂ ಐತೇನಜ್ಜಿ?”

“ಐತಪ್ಪಾ.”

ಅವನು ವಾಪಸು ಹೋಗಿ ಎಂಜಿನ್ ಆರಿಸಿದ. ಬಂದು ಚಪ್ಪಲಿ ಬಿಟ್ಟು ನೆಲದ ಮೇಲೆ ಕುಳಿತ.

“ಹೇಳ್ರಿ ಅಕ್ಕಾರೆ,” ಎಂದ.